ಫೈಬರ್ ಜಾಲದ ಬೆಳಕಿಗೂ ಬೇಕು ಲೆಕ್ಕಪತ್ರ

ಇಂದಿನ ವ್ಯಾಪಾರ ವ್ಯವಹಾರಗಳು ಬಹುಮಟ್ಟಿಗೆ ಗಣಕಜಾಲವನ್ನೇ ಅವಲಂಬಿಸಿವೆ. ಕೆಲವು ವಿನಾಯಿತಿಗಳನ್ನು ಹೊರತುಪಡಿಸಿದರೆ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ಯಮಗಳು ನೋಂದಾಯಿತ ಖರೀದಿದಾರರಿಗೆ ನೀಡುವ ಬೀಜಕಗಳಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಸರಕು ಸಾಗಣೆಗೆ ಇ-ವೇ ಬಿಲ್ ಬೇಕು. ಗೋದಾಮಿನ ಕಂಪ್ಯೂಟರಿಗೂ ಕಚೇರಿಯ ಸರ್ವರಿಗೂ ಸಂಪರ್ಕ ಕಡಿದರೆ ಸರಕು ತುಂಬಿದ ಲಾರಿ ಗೇಟಿನಲ್ಲಿಯೇ ನಿಲ್ಲುತ್ತದೆ. ಈ ನಷ್ಟವು ಯಾವ ಲೆಡ್ಜರಿನಲ್ಲಿಯೂ ಪ್ರತ್ಯೇಕ ಖಾತೆಯಾಗಿ ಕಾಣಿಸುವುದಿಲ್ಲ.

ತಾಮ್ರದ ಈಥರ್ನೆಟ್ ಕೇಬಲ್ಲಿನ ಮಿತಿ 100 ಮೀಟರ್. ಆದ್ದರಿಂದ ಕಚೇರಿಗೂ ದೂರದ ಶೆಡ್ಡಿಗೂ ನಡುವೆ ಆಪ್ಟಿಕಲ್ ಫೈಬರ್ ಎಳೆಯುವುದು ವಾಡಿಕೆ. ಸ್ವಿಚ್ಚಿನಲ್ಲಿ ಕೂರಿಸುವ ಎಸ್‌ಎಫ್‌ಪಿ ಎಂಬ ಪುಟ್ಟ ಮಾಡ್ಯೂಲ್, ವಿದ್ಯುತ್ ಸಂಕೇತವನ್ನು ಬೆಳಕಾಗಿಸಿ ಕಳುಹಿಸುತ್ತದೆ. ಬಂದ ಬೆಳಕನ್ನು ಮತ್ತೆ ವಿದ್ಯುತ್ ಸಂಕೇತವಾಗಿಸುತ್ತದೆ. ಸ್ವಿಚ್ಚಿನ ಹಸಿರು ದೀಪ ಉರಿಯುತ್ತಿದ್ದರೆ ಸಂಪರ್ಕವಿದೆ ಎಂದಷ್ಟೇ ಅರ್ಥ. ಆ ಸಂಪರ್ಕ ಎಷ್ಟು ದಿನ ಬಾಳೀತು ಎಂಬುದನ್ನು ದೀಪ ಹೇಳದು.

ಜಮೆ-ಖರ್ಚಿನ ತಾಳೆ

ನಿರ್ವಹಣಾ ಸೌಲಭ್ಯವುಳ್ಳ ಸ್ವಿಚ್ಚು ಹಾಗೂ ಡಿಒಎಂ ಸೌಲಭ್ಯವುಳ್ಳ ಮಾಡ್ಯೂಲ್ ಇದ್ದಲ್ಲಿ ಐದು ಅಂಕಿಗಳು ದೊರೆಯುತ್ತವೆ: ಕಳುಹಿಸಿದ ಬೆಳಕು, ಸ್ವೀಕರಿಸಿದ ಬೆಳಕು, ಲೇಸರಿನ ವಿದ್ಯುತ್ ಪ್ರವಾಹ, ವೋಲ್ಟೇಜ್ ಮತ್ತು ತಾಪಮಾನ. ಬೆಳಕಿನ ಪ್ರಮಾಣವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. 3 ಡಿಬಿ ಇಳಿದರೆ ಬೆಳಕು ಅರ್ಧವಾಯಿತೆಂದೂ, 10 ಡಿಬಿ ಇಳಿದರೆ ಹತ್ತರಲ್ಲಿ ಒಂದು ಪಾಲು ಉಳಿಯಿತೆಂದೂ ತಿಳಿಯಬೇಕು.

ಒಂದು ತುದಿಯಿಂದ ಹೊರಟ ಬೆಳಕಿಗೂ ಇನ್ನೊಂದು ತುದಿಯಲ್ಲಿ ತಲುಪಿದ ಬೆಳಕಿಗೂ ಇರುವ ವ್ಯತ್ಯಾಸವೇ ಮಾರ್ಗದ ನಷ್ಟ. ಉದಾಹರಣೆಗೆ, 300 ಮೀಟರ್ ಸಿಂಗಲ್ ಮೋಡ್ ಫೈಬರಿನಲ್ಲಿ ಅಳವಡಿಕೆಯ ದಿನ -6 ಡಿಬಿಎಂ ಹೊರಟು -7.5 ತಲುಪಿತೆನ್ನೋಣ. ನಷ್ಟ 1.5 ಡಿಬಿ, ಇದು ಸಹಜ. ಆರು ತಿಂಗಳ ಬಳಿಕ ಹೊರಡುವ ಬೆಳಕು ಮೊದಲಿನಷ್ಟೇ ಇದ್ದು, ತಲುಪಿದ್ದು -17.5 ಆದರೆ ದೋಷವು ಕೇಬಲ್ಲಿನಲ್ಲೋ ಜೋಡಣೆಯಲ್ಲೋ ಇದೆ. ಗಿಗಾಬಿಟ್ ಎಲ್‌ಎಕ್ಸ್ ಮಾನದಂಡದಲ್ಲಿ ಸ್ವೀಕಾರದ ಕೆಳಮಿತಿ -19 ಡಿಬಿಎಂ. ಅಂದರೆ ಉಳಿದಿರುವ ಅಂತರ 1.5 ಡಿಬಿ ಮಾತ್ರ. ಹಸಿರು ದೀಪವಾದರೋ ಇನ್ನೂ ಉರಿಯುತ್ತಲೇ ಇರುತ್ತದೆ!

ಇದಕ್ಕೆ ಬದಲಾಗಿ, ತಾಪಮಾನ ಏರದಿದ್ದರೂ ಲೇಸರಿನ ಪ್ರವಾಹ ಏರುತ್ತ ಹೋಗಿ ಹೊರಡುವ ಬೆಳಕೇ ಕುಗ್ಗುತ್ತಿದ್ದರೆ ಮಾಡ್ಯೂಲಿಗೆ ವಯಸ್ಸಾಗಿದೆ ಎಂದು ಊಹಿಸಬಹುದು. ಈ ತಾಳೆ ನೋಡದೆ ಮಾಡ್ಯೂಲ್ ಬದಲಿಸುವುದು ಹಣ ವ್ಯಯಿಸಿ ದೋಷವನ್ನು ಹಾಗೆಯೇ ಉಳಿಸಿಕೊಂಡಂತೆ.

ಸಿಆರ್‌ಸಿ ದೋಷಗಳ ಎಣಿಕೆಯನ್ನೂ ಗಮನಿಸಬೇಕು. ಇದು ವಿದ್ಯುತ್ ಮೀಟರಿನಂತೆ ಕೂಡುತ್ತಲೇ ಹೋಗುವ ಅಂಕಿ. ಒಟ್ಟು ಮೊತ್ತಕ್ಕಿಂತ ಎರಡು ರೀಡಿಂಗುಗಳ ನಡುವಿನ ಏರಿಕೆಯೇ ಮುಖ್ಯ.

ಧೂಳೇ ಮೊದಲ ಶತ್ರು

ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಸಾಗುವ ತಿರುಳಿನ ವ್ಯಾಸ ಸುಮಾರು 9 ಮೈಕ್ರಾನ್. ತಲೆಗೂದಲು ಇದಕ್ಕಿಂತ ಹಲವು ಪಟ್ಟು ದಪ್ಪ. ಬೆಳಗಾವಿಯ ಉದ್ಯಮಬಾಗಿನ ಫೌಂಡ್ರಿಯಾಗಲಿ, ಗಂಗಾವತಿಯ ಅಕ್ಕಿ ಗಿರಣಿಯಾಗಲಿ, ಅಲ್ಲಿನ ಧೂಳಿನ ಒಂದೇ ಕಣ ಈ ದಾರಿಯನ್ನು ಮುಚ್ಚಬಲ್ಲದು. ಆದ್ದರಿಂದ ಬೆಳಕು ಕುಗ್ಗಿದಾಗ ಮೊದಲು ಕನೆಕ್ಟರಿನ ತುದಿಯನ್ನು ಪರೀಕ್ಷಿಸಿ ಶುಚಿಗೊಳಿಸಬೇಕು. ಅದಕ್ಕೆಂದೇ ಇರುವ ಕ್ಲೀನರನ್ನಾಗಲಿ, ಎಳೆ ಬಿಡದ ಒರೆಸುವ ಹಾಳೆ ಮತ್ತು ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲನ್ನಾಗಲಿ ಬಳಸಬೇಕು. ಅಂಗಿಯ ಅಂಚಿನಿಂದ ಒರೆಸುವುದು, ಬಾಯಿಯಿಂದ ಊದುವುದು ಸಲ್ಲದು. ಬಳಸದ ತುದಿಗಳಿಗೆ ಮುಚ್ಚಳವಿರಲಿ. ಫೈಬರನ್ನು 3 ಸೆಂ.ಮೀ.ಗಿಂತ ಕಡಿಮೆ ತ್ರಿಜ್ಯಕ್ಕೆ ಬಾಗಿಸಬಾರದು.

ಸಾಮಾನ್ಯ ದರ್ಜೆಯ ಮಾಡ್ಯೂಲಿನ ತಾಪಮಾನದ ಮಿತಿ 70 ಡಿಗ್ರಿ ಸೆಲ್ಸಿಯಸ್. ಬಿಸಿಲಿಗೆ ಕಾದ ತಗಡಿನ ಶೆಡ್ಡಿನಲ್ಲಿ, ಗಾಳಿಯಾಡದ ಪೆಟ್ಟಿಗೆಯೊಳಗೆ ಸ್ವಿಚ್ಚಿಡುವವರು 85 ಡಿಗ್ರಿಯವರೆಗೆ ತಾಳುವ ಕೈಗಾರಿಕಾ ದರ್ಜೆಯದನ್ನು ಆರಿಸುವುದು ಲೇಸು. ಮತ್ತೊಂದು ಎಚ್ಚರಿಕೆ: ಈ ಲೇಸರ್ ಕಿರಣ ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡುವ ಅಭ್ಯಾಸವನ್ನು ನೌಕರರಿಗೆ ಬಿಡಿಸಬೇಕು.

ದಾಖಲೆ ಮತ್ತು ಕರಾರು

ಕಂಪನಿ ಕಾಯಿದೆ 2013ರ ಎರಡನೇ ಅನುಸೂಚಿಯು ಸರ್ವರ್ ಮತ್ತು ಜಾಲ ಸಲಕರಣೆಗಳಿಗೆ 6 ವರ್ಷಗಳ ಉಪಯುಕ್ತ ಆಯುಷ್ಯವನ್ನು ಸೂಚಿಸುತ್ತದೆ. ಪುಸ್ತಕದಲ್ಲಿ ಬರೆದ ಆಯುಷ್ಯ ಶೆಡ್ಡಿನಲ್ಲಿಯೂ ದೊರೆಯಬೇಕಾದರೆ ಈ ಕ್ರಮಗಳು ಅವಶ್ಯಕ:

1. ಅಳವಡಿಕೆಯ ದಿನದ ಅಂಕಿಗಳನ್ನು ಪ್ರಾರಂಭಿಕ ಶಿಲ್ಕಿನಂತೆ ರಿಜಿಸ್ಟರಿನಲ್ಲಿ ದಾಖಲಿಸುವುದು.
2. ಪ್ರತಿ ತಿಂಗಳು ಎರಡೂ ತುದಿಗಳ ಅಂಕಿಗಳನ್ನು ಬರೆದು, 3 ಡಿಬಿ ಇಳಿದೊಡನೆ ಕಾರಣ ಹುಡುಕುವುದು.
3. ವಾರ್ಷಿಕ ನಿರ್ವಹಣಾ ಕರಾರಿನಲ್ಲಿ, ಭೇಟಿಯ ವರದಿಯೊಂದಿಗೆ ಈ ಅಂಕಿಗಳನ್ನೂ ನೀಡಬೇಕೆಂಬ ಷರತ್ತು ಸೇರಿಸುವುದು.
4. ಅದೇ ಬಗೆಯ ಒಂದು ಮಾಡ್ಯೂಲ್ ಮತ್ತು ಒಂದು ಪ್ಯಾಚ್ ಕಾರ್ಡನ್ನು ಉಗ್ರಾಣದಲ್ಲಿ ಇರಿಸುವುದು.

ಫೈಬರಿನ ಬೆಳಕು ಅನೇಕ ವೇಳೆ ಹಠಾತ್ತನೆ ಆರುವುದಿಲ್ಲ. ತಿಂಗಳುಗಟ್ಟಲೆ ಕುಗ್ಗುತ್ತ ಮುನ್ಸೂಚನೆ ನೀಡುತ್ತದೆ. ತಿಂಗಳಿಗೊಮ್ಮೆ ಬ್ಯಾಂಕ್ ಖಾತೆಯ ತಾಳೆ ನೋಡುವ ಉದ್ಯಮಿಯು ಅದೇ ದಿನ ಇದಕ್ಕೂ ಹತ್ತು ನಿಮಿಷ ಮೀಸಲಿಟ್ಟರೆ ಲಾರಿಯು ಗೇಟಿನಲ್ಲಿ ಕಾಯುವ ಪ್ರಸಂಗ ವಿರಳವಾದೀತು.