ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂವಿಧಾನ ಪಾಠ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಕರಾವಳಿಯಲ್ಲಿ, ಚಾರ್ಲ್ಸ್‌ಟನ್ ನಗರಕ್ಕೆ ಹತ್ತಿರದ ಜಾನ್ಸ್ ಐಲೆಂಡ್ ಎಂಬ ದ್ವೀಪದಲ್ಲಿ 1957ರ ಜನವರಿ 7ರಂದು ಒಂದು ರಾತ್ರಿ ಶಾಲೆ ಶುರುವಾಯಿತು. ಕಲಿಯಲು ಬಂದವರು 14 ಮಂದಿ. ಎಲ್ಲರೂ ಕಪ್ಪುಜನ, ಎಲ್ಲರೂ ದೊಡ್ಡವರು, ಹಗಲೆಲ್ಲ ದುಡಿದು ಬಂದವರು. ಶಾಲೆಯಿದ್ದ ಕಟ್ಟಡದ ಮುಂಭಾಗದಲ್ಲಿ ಊರವರೇ ಸೇರಿ ನಡೆಸುತ್ತಿದ್ದ ಕಿರಾಣಿ ಅಂಗಡಿಯಿತ್ತು, ಹಿಂದೆ ಎರಡು ಕೋಣೆಗಳಿದ್ದವು. ಅಂಗಡಿ ವ್ಯಾಪಾರಕ್ಕೂ ಆಯಿತು, ಮರೆಗೂ ಆಯಿತು. ಹಿಂದಿನ ಕೋಣೆಯಲ್ಲಿ ಕಪ್ಪುಜನ ಮತದಾರರ ಪಟ್ಟಿಗೆ ಸೇರಲು ತಯಾರಾಗುತ್ತಿದ್ದಾರೆ ಎಂಬ ಸುದ್ದಿ ಬಿಳಿಯರ ಕಿವಿಗೆ ಬಿದ್ದರೆ ಕೆಲಸವೂ ಹೋಗುತ್ತಿತ್ತು, ಕೆಲವೊಮ್ಮೆ ಜೀವವೂ ಹೋಗುತ್ತಿತ್ತು.

‘ಸಿಟಿಜನ್‌ಶಿಪ್ ಸ್ಕೂಲ್’ ಅಂದರೆ ಪೌರತ್ವ ಶಾಲೆ ಎಂದು ಹೆಸರಾದ ಈ ಪ್ರಯೋಗ ಮುಂದಿನ ಹದಿಮೂರು ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿ, ಸುಮಾರು 900 ಶಾಲೆಗಳಾಗಿ ಬೆಳೆಯಿತು. ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣಗಳು ನಮ್ಮ ಪಠ್ಯಪುಸ್ತಕಗಳವರೆಗೂ ಬಂದಿವೆ. ಆ ಭಾಷಣ ಕೇಳಿದ ಜನ ಮರುದಿನ ನೋಂದಣಿ ಕಚೇರಿಯ ಮೆಟ್ಟಿಲು ಹತ್ತುವಂತೆ ಮಾಡಿದ ಈ ಶಾಲೆಗಳು ಮಾತ್ರ ಬಂದಿಲ್ಲ.

ಹಿನ್ನೆಲೆ ಹೀಗಿದೆ. ಬಣ್ಣದ ಕಾರಣಕ್ಕೆ ಯಾರ ಮತದ ಹಕ್ಕನ್ನೂ ಕಿತ್ತುಕೊಳ್ಳಬಾರದು ಎಂದು ಅಮೆರಿಕದ ಸಂವಿಧಾನದ 15ನೇ ತಿದ್ದುಪಡಿ 1870ರಲ್ಲೇ ಹೇಳಿತ್ತು. ದಕ್ಷಿಣದ ರಾಜ್ಯಗಳು ಬಣ್ಣದ ಹೆಸರೆತ್ತದೆಯೇ ಅದನ್ನು ಮುರಿಯುವ ದಾರಿ ಕಂಡುಕೊಂಡವು. ದಕ್ಷಿಣ ಕೆರೊಲಿನಾ 1895ರಲ್ಲಿ ಬರೆದುಕೊಂಡ ತನ್ನ ರಾಜ್ಯ ಸಂವಿಧಾನದಲ್ಲಿ ಒಂದು ಷರತ್ತು ಸೇರಿಸಿತು: ಮತದಾರನಾಗಬೇಕಾದವನು ಆ ಸಂವಿಧಾನದ ಯಾವುದೇ ಭಾಗವನ್ನು ಓದಿ ಬರೆದು ತೋರಿಸಬೇಕು, ಇಲ್ಲವಾದರೆ 300 ಡಾಲರ್ ಬೆಲೆಯ ಆಸ್ತಿ ಇರಬೇಕು. ಯಾವ ಭಾಗ ಓದಬೇಕು, ಓದಿದ್ದು ಸರಿಯೇ ಎಂದು ತೀರ್ಮಾನಿಸುವವನು ಬಿಳಿಯ ಅಧಿಕಾರಿ. ಕಪ್ಪುಜನ ಗುಲಾಮರಾಗಿದ್ದಾಗ ಅವರಿಗೆ ಅಕ್ಷರ ಕಲಿಸುವುದನ್ನೇ ಅಪರಾಧವಾಗಿಸಿದ್ದ ರಾಜ್ಯ, ಬಿಡುಗಡೆಯಾದ ಮೇಲೆ ಅವರ ಮಕ್ಕಳಿಗೆ ಅಕ್ಷರ ಬಾರದೆಂಬುದನ್ನೇ ಅನರ್ಹತೆ ಮಾಡಿತು. ಇದಕ್ಕಿಂತ ನಿರ್ದಯವಾದ ಕಾನೂನು ಚಾತುರ್ಯ ನನಗೆ ಗೊತ್ತಿಲ್ಲ.

ಜಾನ್ಸ್ ಐಲೆಂಡಿನಲ್ಲಿ ಈಸಾ ಜೆಂಕಿನ್ಸ್ ಎಂಬವರಿದ್ದರು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು. ದುಡಿದು ಬಸ್ಸು ಕೊಂಡು, ದ್ವೀಪದ ಜನರನ್ನು ದಿನಾ ಬೆಳಿಗ್ಗೆ ಚಾರ್ಲ್ಸ್‌ಟನ್‌ನ ಕೆಲಸಗಳಿಗೆ ಒಯ್ದು ಸಂಜೆ ವಾಪಸು ತರುತ್ತಿದ್ದರು. ಒಂದು ದಿನ ಆಲಿಸ್ ವೈನ್ ಎಂಬ ಪ್ರಯಾಣಿಕೆ, ತನಗೆ ಮತದಾರಳಾಗುವ ಆಸೆಯಿದೆ, ಓದಲು ಬಾರದು, ಕಲಿಸಿಕೊಡುತ್ತೀರಾ ಎಂದು ಕೇಳಿದರು. ಜೆಂಕಿನ್ಸ್ ರಾಜ್ಯ ಸಂವಿಧಾನದಲ್ಲಿ ಮತದಾರರಾಗಲು ಓದಬೇಕಾದ ಭಾಗಗಳನ್ನು ಟೈಪ್ ಮಾಡಿಸಿ ಬಸ್ಸಿನಲ್ಲಿ ಹಂಚಿದರು. ದಾರಿಯುದ್ದಕ್ಕೂ ಓದುವುದು, ವಿವರಿಸುವುದು, ಮತ್ತೆ ಓದುವುದು. ವೈನ್ ಅದನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿ, ಕಚೇರಿಯಲ್ಲಿ ಒಪ್ಪಿಸಿ, ಮತದಾರಳಾಗಿಯೇ ಬಿಟ್ಟರು. ಆದರೆ ಅಷ್ಟಕ್ಕೆ ಅವರಿಗೆ ತೃಪ್ತಿಯಾಗಲಿಲ್ಲ. ಒಪ್ಪಿಸಿದ ಮಾತನ್ನು ತನ್ನ ಕಣ್ಣಿನಿಂದಲೇ ಓದಬೇಕು ಎಂದರು. ಈ ಶಾಲೆಗಳ ಬೇರು ಇರುವುದು ಆ ಹಟದಲ್ಲಿ.

ಜೆಂಕಿನ್ಸ್ ನೆರವು ಕೇಳಿದ್ದು ಸೆಪ್ಟಿಮಾ ಕ್ಲಾರ್ಕ್ ಅವರನ್ನು. 1898ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದ ಕ್ಲಾರ್ಕ್ ಅವರ ತಂದೆ ಗುಲಾಮರಾಗಿ ಹುಟ್ಟಿದವರು. ಆಗಿನ ಚಾರ್ಲ್ಸ್‌ಟನ್‌ನ ಸರಕಾರಿ ಶಾಲೆಗಳು ಕಪ್ಪುವರ್ಣದ ಶಿಕ್ಷಕಿಯರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಹದಿನೆಂಟರ ಹುಡುಗಿ 1916ರಲ್ಲಿ ಜಾನ್ಸ್ ಐಲೆಂಡಿಗೇ ಪಾಠ ಹೇಳಲು ಬಂದಿದ್ದರು. 132 ಮಕ್ಕಳಿಗೆ ಇಬ್ಬರು ಶಿಕ್ಷಕಿಯರು, ಕ್ಲಾರ್ಕ್‌ಗೆ ತಿಂಗಳಿಗೆ 35 ಡಾಲರ್ ಸಂಬಳ. ಅಲ್ಲೇ ಸಮೀಪದ ಬಿಳಿಯರ ಶಾಲೆಯಲ್ಲಿ ಮೂರು ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಕ್ಷಕಿಗೆ 85 ಡಾಲರ್. ನಾಲ್ಕು ದಶಕ ಪಾಠ ಹೇಳಿದ ಮೇಲೆ 1956ರಲ್ಲಿ ರಾಜ್ಯ ಅವರನ್ನು ಕೆಲಸದಿಂದ ತೆಗೆಯಿತು, ಪಿಂಚಣಿಯನ್ನೂ ಕಿತ್ತುಕೊಂಡಿತು. ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಸದಸ್ಯತ್ವ ಬಿಡಲು ಅವರು ಒಪ್ಪದಿದ್ದುದೇ ಕಾರಣ. ಟೆನೆಸಿ ರಾಜ್ಯದ ಬೆಟ್ಟದ ಮೇಲಿನ ಹೈಲ್ಯಾಂಡರ್ ಫೋಕ್ ಸ್ಕೂಲ್ ಅವರನ್ನು ಕರೆದು ಕೆಲಸ ಕೊಟ್ಟಿತು. ಮೈಲ್ಸ್ ಹಾರ್ಟನ್ ಮತ್ತು ಗೆಳೆಯರು 1932ರಲ್ಲಿ ಕಟ್ಟಿದ ಆ ಸಂಸ್ಥೆಯಲ್ಲಿ ಕಪ್ಪು ಬಿಳಿ ಎನ್ನದೆ ಎಲ್ಲರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಆ ಕಾಲದ ದಕ್ಷಿಣದಲ್ಲಿ ಅದು ಸಣ್ಣ ಮಾತಲ್ಲ. ಅಂಗಡಿಯಿದ್ದ ಹಳೆಯ ಶಾಲಾ ಕಟ್ಟಡ ಕೊಳ್ಳಲು 1,500 ಡಾಲರ್ ಸಾಲ ಕೊಟ್ಟದ್ದೂ ಹೈಲ್ಯಾಂಡರೇ.

ವಯಸ್ಕರ ಶಿಕ್ಷಣ ದ್ವೀಪದಲ್ಲಿ ಅದಕ್ಕೂ ಮೊದಲು ನಡೆದು ಸೋತಿತ್ತು. ದೊಡ್ಡವರನ್ನು ಮಕ್ಕಳ ಪುಟ್ಟ ಬೆಂಚುಗಳಲ್ಲಿ ಕೂರಿಸುತ್ತಿದ್ದರಂತೆ. ಉದ್ದ ಕಾಲು ಮಡಚಲಾಗದೆ ಒದ್ದಾಡುವ ಅವರನ್ನು ಕಂಡು ಮಕ್ಕಳು ಅಡ್ಡಹೆಸರಿಟ್ಟು ನಗುತ್ತಿದ್ದರು. ಹೊಸ ಶಾಲೆ ಕಟ್ಟುವಾಗ ಕ್ಲಾರ್ಕ್ ಮತ್ತು ಹಾರ್ಟನ್ ಒಂದು ನಿರ್ಧಾರಕ್ಕೆ ಬಂದರು: ತರಬೇತಾದ ಶಿಕ್ಷಕರು ಬೇಡ. ಕಲಿಸುವವರು ಊರಿನವರೇ ಆಗಿರಬೇಕು, ಜನರ ಮಾತು ಕೇಳಿಸಿಕೊಳ್ಳುವವರಾಗಿರಬೇಕು. ನಲವತ್ತು ವರ್ಷ ಶಿಕ್ಷಕಿಯಾಗಿದ್ದವರೇ ಈ ಮಾತಿಗೆ ಒಪ್ಪಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅವರು ಆರಿಸಿದ್ದು ತಮ್ಮ ನೆಂಟಳಾದ ಬರ್ನೀಸ್ ರಾಬಿನ್ಸನ್ ಅವರನ್ನು. ಬರ್ನೀಸ್ ಹೆಂಗಸರ ತಲೆಗೂದಲು ಸಿಂಗರಿಸುವ ಅಂಗಡಿ ನಡೆಸುತ್ತಿದ್ದರು, ಬಟ್ಟೆ ಹೊಲಿಯುತ್ತಿದ್ದರು. ಪಾಠ ಹೇಳುವುದು ನನ್ನಿಂದಾಗದು ಎಂದು ಹಿಂಜರಿದರು. ಅವರ ಕಸುಬಿನಲ್ಲಿ ಒಂದು ಅನುಕೂಲವಿತ್ತು. ಗಿರಾಕಿಗಳೆಲ್ಲ ಕಪ್ಪು ಹೆಂಗಸರೇ, ಹಾಗಾಗಿ ಬರ್ನೀಸ್ ಅವರ ಅನ್ನ ಬಿಳಿಯರ ಕೈಯಲ್ಲಿರಲಿಲ್ಲ.

ಮೊದಲ ದಿನ ರಾಬಿನ್ಸನ್ ಎಳೆಯ ಮಕ್ಕಳ ಓದುಪುಸ್ತಕಗಳನ್ನು ಒಯ್ದಿದ್ದರು. ಅವು ಈ ಜನಕ್ಕೆ ತೀರ ಬಾಲಿಶ ಎಂದು ಕಂಡಕೂಡಲೇ ಬದಿಗಿಟ್ಟರು. ನಾನು ಶಿಕ್ಷಕಿಯಲ್ಲ, ಎಲ್ಲರೂ ಕೂಡಿ ಕಲಿಯೋಣ, ನಿಮಗೆ ಏನು ಬೇಕು ಹೇಳಿ ಎಂದರು. ಜನ ಹೇಳಿದರು: ತಮ್ಮ ಹೆಸರು ಬರೆಯಬೇಕು, ಬೈಬಲ್ ಓದಬೇಕು, ದೂರದ ಮಕ್ಕಳಿಗೆ ಕಾಗದ ಬರೆಯಬೇಕು, ಮನಿ ಆರ್ಡರ್ ಫಾರಂ ತುಂಬಬೇಕು, ಮತದಾರರಾಗಬೇಕು. ಅದೇ ಪಠ್ಯಕ್ರಮವಾಯಿತು. ಕಲಿಯುವವರ ಹೆಸರನ್ನು ರಟ್ಟಿನ ಮೇಲೆ ಬರೆದುಕೊಟ್ಟು, ಕೈಗೆ ರೂಢಿಯಾಗುವ ತನಕ ಅದರ ಮೇಲೆಯೇ ಮತ್ತೆ ಮತ್ತೆ ತಿದ್ದಿಸಿದರು. ನೇಗಿಲು ಹಿಡಿದ ಮುಷ್ಟಿಗೆ ಸಿಕ್ಕಿ ಪೆನ್ಸಿಲ್‌ಗಳು ಪಟಪಟನೆ ಮುರಿಯುತ್ತಿದ್ದವು. ಮುರಿದರೆ ಇನ್ನೊಂದು ಕೊಡುತ್ತಿದ್ದರು, ಬೈಗುಳವಿಲ್ಲ. ಹೊಲದಲ್ಲಿ ಇವತ್ತು ಏನು ಮಾಡಿದಿರಿ ಎಂದು ಕೇಳಿ, ಅವರು ಹೇಳಿದ್ದನ್ನೇ ಬರೆದು, ಅದನ್ನೇ ಓದುಪಾಠ ಮಾಡುತ್ತಿದ್ದರು. ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ತೂಗಿತ್ತು, ಶಾಲೆ ಮುಗಿಯುವುದರೊಳಗೆ ಎಲ್ಲರೂ ಅದನ್ನು ಓದಬೇಕೆಂಬುದು ರಾಬಿನ್ಸನ್ ಇಟ್ಟುಕೊಂಡ ಗುರಿ. ಅರವತ್ತು ದಾಟಿದ ಒಬ್ಬ ಹೆಂಗಸು ಒಂದು ದಿನ ಬೋರ್ಡಿನ ಮೇಲಿದ್ದ ಅಷ್ಟೂ ಹೆಸರುಗಳ ನಡುವೆ ತನ್ನದನ್ನು ಗುರುತಿಸಿ, ಅಳತೆಕೋಲಿನಿಂದ ತೋರಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರಂತೆ. ಮೈ ಜುಮ್ಮೆಂದಿತು ಎಂದು ರಾಬಿನ್ಸನ್ ಎಷ್ಟೋ ವರ್ಷಗಳ ನಂತರವೂ ನೆನೆಯುತ್ತಿದ್ದರು.

ಸಂವಿಧಾನದ ಪಾಠ ಬರುತ್ತಿದ್ದುದು ಇವುಗಳ ನಡುವೆಯೇ. ನೋಂದಣಿ ಕಚೇರಿಯಲ್ಲಿ ಎದುರಾಗುವ ಭಾಗವನ್ನು ಓದಿಸುತ್ತಿದ್ದರು, ಕಠಿಣ ಪದಗಳನ್ನು ಬಿಡಿಸುತ್ತಿದ್ದರು, ಅದರ ಅರ್ಥ ನಮ್ಮೂರಿನಲ್ಲಿ ಏನಾಗುತ್ತದೆ ಎಂದು ಚರ್ಚಿಸುತ್ತಿದ್ದರು. ಕ್ಲಾರ್ಕ್ ತಯಾರಿಸಿದ ಕಿರುಪುಸ್ತಕದಲ್ಲಿ ಮತದಾನದ ಕಾನೂನಿನ ಜೊತೆಗೆ ತೆರಿಗೆ, ಸಾಮಾಜಿಕ ಭದ್ರತೆ, ಕಾಗದ ಬರೆಯುವ ಕ್ರಮ ಎಲ್ಲವೂ ಇದ್ದವು. ಜನರನ್ನು ಹೊರಗಿಡಲು ಬಳಸುತ್ತಿದ್ದ ಪಠ್ಯವನ್ನೇ ಜನ ತಮ್ಮ ಓದಿನ ಪುಸ್ತಕ ಮಾಡಿಕೊಂಡರು. ನನ್ನ ಪ್ರಕಾರ ಇಡೀ ಪ್ರಯೋಗದ ಸತ್ವ ಇಷ್ಟೇ.

ಶಾಲೆ ಅಕ್ಕಪಕ್ಕದ ದ್ವೀಪಗಳಿಗೆ ಹರಡಿತು. ಸರಕಾರದ ಕಣ್ಣೂ ಬಿತ್ತು. 1959ರ ಜುಲೈ 31ರ ರಾತ್ರಿ ಪೊಲೀಸರು ಹೈಲ್ಯಾಂಡರ್ ಮೇಲೆ ದಾಳಿ ಮಾಡಿ, ಮದ್ಯ ಇಟ್ಟುಕೊಂಡ ಆರೋಪ ಹೊರಿಸಿ ಕ್ಲಾರ್ಕ್ ಅವರನ್ನು ಬಂಧಿಸಿದರು. ಅವರು ಮದ್ಯ ಮುಟ್ಟಿದವರೇ ಅಲ್ಲ. 1961ರಲ್ಲಿ ಹೈಲ್ಯಾಂಡರಿನ ಪರವಾನಗಿ ರದ್ದಾಗಿ ಆಸ್ತಿ ಮುಟ್ಟುಗೋಲಾಯಿತು. ಅಷ್ಟರಲ್ಲಿ ಶಾಲೆಗಳ ಹೊಣೆ ಕಿಂಗ್ ಅವರ ಸಂಘಟನೆಯ ಕೈಗೆ ದಾಟಿತ್ತು. ಜಾರ್ಜಿಯಾ ರಾಜ್ಯದಲ್ಲಿ, ಹಿಂದೆ ಬಿಡುಗಡೆಯಾದ ಗುಲಾಮರ ಮಕ್ಕಳಿಗಾಗಿ ಕಟ್ಟಿದ್ದ ಡಾರ್ಚೆಸ್ಟರ್ ಶಾಲೆಯ ಆವರಣದಲ್ಲಿ ಕ್ಲಾರ್ಕ್, ಕಿಂಗ್ ಸಂಘಟನೆಯ ಡೊರೊತಿ ಕಾಟನ್, ಆಂಡ್ರ್ಯೂ ಯಂಗ್ ಮೂವರೂ ಸೇರಿ ತರಬೇತಿ ನಡೆಸತೊಡಗಿದರು. ಬಸ್ಸುಗಳಲ್ಲಿ ಬಂದ ರೈತರು, ಅಡುಗೆಯವರು, ಅಜ್ಜಿಯಂದಿರು ಐದು ದಿನ ಕಲಿತು ಊರಿಗೆ ಮರಳಿ ಶಾಲೆ ತೆರೆಯುತ್ತಿದ್ದರು. ಅಡುಗೆಮನೆಗಳಲ್ಲಿ, ತಲೆಗೂದಲು ಸಿಂಗರಿಸುವ ಅಂಗಡಿಗಳಲ್ಲಿ, ಬೇಸಿಗೆಯಲ್ಲಿ ಮರದ ಕೆಳಗೆ ಪಾಠ ನಡೆಯುತ್ತಿತ್ತು.

ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ಈ ಶಾಲೆಗಳ ನಂಟಿನಲ್ಲಿ ಬೆಳೆದ ನಾಯಕಿ. ಹತ್ತಿಹೊಲದ ಕೂಲಿಯಾಗಿದ್ದ ಅವರು 1962ರ ಆಗಸ್ಟ್ 31ರಂದು ಹೆಸರು ನೋಂದಾಯಿಸಲು ಹೋದಾಗ, ರಾಜ್ಯ ಸಂವಿಧಾನದ 16ನೇ ಭಾಗ ಕೊಟ್ಟು ಅರ್ಥ ಹೇಳು ಎಂದರು. ಅಂಥದೊಂದು ಸಂವಿಧಾನ ಇದೆಯೆಂದೇ ಆ ತನಕ ಅವರಿಗೆ ಯಾರೂ ಹೇಳಿರಲಿಲ್ಲ. ಅರ್ಜಿ ಹಾಕಿದ ತಪ್ಪಿಗೆ ಹದಿನೆಂಟು ವರ್ಷ ದುಡಿದ ಜಮೀನಿನಿಂದ ಅವತ್ತೇ ಹೊರಗೆ ಹಾಕಲಾಯಿತು. ಮರುವರ್ಷ ಜೂನಿನಲ್ಲಿ ಚಾರ್ಲ್ಸ್‌ಟನ್‌ನ ತರಬೇತಿ ಮುಗಿಸಿ ಬರುವಾಗ ವಿನೋನಾ ಎಂಬ ಊರಿನಲ್ಲಿ ಬಂಧಿಸಿ ಜೈಲಿನಲ್ಲಿ ಹೊಡೆದದ್ದರ ನೋವು ಅವರ ದೇಹದಲ್ಲಿ ಕೊನೆಯವರೆಗೂ ಉಳಿಯಿತು. ಹೇಮರ್ ಸುಮ್ಮನಾಗಲಿಲ್ಲ. 1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಅವರು ಇದನ್ನೆಲ್ಲ ಹೇಳಿದ್ದನ್ನು ದೇಶ ಟಿವಿಯಲ್ಲಿ ಕೇಳಿತು. 1965ರ ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆ ಬಂದು ದಕ್ಷಿಣದ ಬಹುಪಾಲು ರಾಜ್ಯಗಳಲ್ಲಿ ಅಕ್ಷರ ಪರೀಕ್ಷೆಗಳು ನಿಂತವು. ಕಾಯ್ದೆ ಬಂದಾಗ ಸಾಲಿನಲ್ಲಿ ನಿಲ್ಲಲು ಜನ ಆಗಲೇ ತಯಾರಿದ್ದರು.

ಭಾರತೀಯ ಓದುಗರಿಗೆ ಇಲ್ಲಿ ನೆನಪಾಗಬೇಕಾದ ಒಂದು ಸಂಗತಿಯಿದೆ. ಬ್ರಿಟಿಷರ ಕಾಲದ 1935ರ ಭಾರತ ಸರಕಾರ ಕಾಯ್ದೆಯಡಿ ನಮ್ಮಲ್ಲೂ ಮತದ ಹಕ್ಕು ಸಿಗುತ್ತಿದ್ದುದು ಮುಖ್ಯವಾಗಿ ಆಸ್ತಿ, ತೆರಿಗೆ, ಓದು ಇದ್ದವರಿಗೆ. ಓದು ಬಾರದವರು ತಿಳಿವಳಿಕೆ ಇಲ್ಲದವರು ಎಂದು ಭಾವಿಸುವುದು ತಪ್ಪು ಎಂದು ಸೈಮನ್ ಆಯೋಗದ ಕಾಲದಲ್ಲೇ ಅಂಬೇಡ್ಕರ್ ವಾದಿಸಿದ್ದರು. ಮುಂದೆ ಸಂವಿಧಾನದ 326ನೇ ವಿಧಿ ವಯಸ್ಸೊಂದನ್ನೇ ಮುಖ್ಯ ಅರ್ಹತೆಯಾಗಿಸಿತು. 1951-52ರ ಮೊದಲ ಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಜನ ಮತದಾರರ ಪಟ್ಟಿಯಲ್ಲಿದ್ದರು, ಅವರಲ್ಲಿ ಹೆಚ್ಚಿನವರು ಓದು ಬಾರದವರು. ಮತಗಟ್ಟೆಗೆ ಬಂದವರು ಚಿಹ್ನೆ ನೋಡಿ ಮತ ಹಾಕಿದರು. ಇಲ್ಲಿ ಅದು ನಡೆದು ಐದು ವರ್ಷವಾದ ಮೇಲೂ ಜಾನ್ಸ್ ಐಲೆಂಡಿನ ಜನ ಪೆನ್ಸಿಲ್ ಮುರಿಯುತ್ತ ಕೂತಿದ್ದರು. ನಮಗೆ ಪರೀಕ್ಷೆ ಇರಲಿಲ್ಲ, ಹಾಗಾಗಿ ಅಂಥ ಶಾಲೆಯೂ ಬೇಕಾಗಲಿಲ್ಲ. ಆದರೆ ಸಂವಿಧಾನದ ಪೀಠಿಕೆಯನ್ನು ಸಾಮೂಹಿಕವಾಗಿ ಓದಿಸುವ ಕಾರ್ಯಕ್ರಮಗಳು ನಮ್ಮ ರಾಜ್ಯದಲ್ಲಿ ಈಚೆಗೆ ಹೆಚ್ಚಿವೆ. ಅವು ಒಳ್ಳೆಯವೇ. ಓದಿಸಿದ ಮೇಲೆ, ನಿಮಗೆ ಏನು ಬೇಕು ಹೇಳಿ ಎಂದು ಕೇಳುವ ರಾಬಿನ್ಸನ್ ಅವರ ಪ್ರಶ್ನೆಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಕ್ಲಾರ್ಕ್ 1975ರಲ್ಲಿ ಚಾರ್ಲ್ಸ್‌ಟನ್‌ನ ಶಾಲಾ ಮಂಡಳಿಗೆ ಚುನಾಯಿತರಾದರು, ಮರುವರ್ಷ ರಾಜ್ಯ ಅವರ ಪಿಂಚಣಿ ಮರಳಿಸಿತು. ಚಳವಳಿಯ ಗಂಡಸರು ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ಅವರು ನೇರವಾಗಿಯೇ ಹೇಳುತ್ತಿದ್ದರು. 1987ರಲ್ಲಿ ತೀರಿಕೊಂಡರು. ಜೆಂಕಿನ್ಸ್ ಅವರ ಫೋಕ್ಸ್‌ವ್ಯಾಗನ್ ವ್ಯಾನಿನ ಹಿಂಬಾಗಿಲು ಈಗ ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ಹೈಲ್ಯಾಂಡರ್ ಬೇರೆ ಹೆಸರಿನಲ್ಲಿ, ಟೆನೆಸಿಯ ಬೇರೆ ಊರಿನಲ್ಲಿ ಇಂದಿಗೂ ತರಬೇತಿ ನಡೆಸುತ್ತಿದೆ. ಹೆಚ್ಚು ತಿಳಿಯಬೇಕೆನ್ನುವವರು ಕ್ಲಾರ್ಕ್ ತಮ್ಮ ಇಳಿವಯಸ್ಸಿನಲ್ಲಿ ಮಾತಾಡಿ ಬರೆಸಿದ ‘ರೆಡಿ ಫ್ರಮ್ ವಿದಿನ್’ ಪುಸ್ತಕದಿಂದ ಶುರುಮಾಡಬಹುದು. ಅದನ್ನು ಯಾರಾದರೂ ಕನ್ನಡಕ್ಕೆ ತಂದು ನಮ್ಮ ಹಳ್ಳಿಗಳ ಗ್ರಂಥಾಲಯಗಳಲ್ಲಿ ಇಟ್ಟರೆ ನಾನು ಬಹಳ ಸಂತೋಷಪಡುತ್ತೇನೆ.