ಸಣ್ಣಾಟ, ಅಶ್ಲೀಲತೆ ಮತ್ತು ಸರ್ಕಾರದ ಹಣ: ಒಂದು ಪ್ರಶ್ನೆಗೆ ತಡವಾದ ಉತ್ತರ

ಬೋಧನಾಭ್ಯಾಸದ ಮೂರನೆಯ ವಾರ. ಒಂಬತ್ತನೆಯ ತರಗತಿಯ ಸಹಪಠ್ಯ ಅವಧಿಯಲ್ಲಿ ನಮ್ಮ ಭಾಗದ ಜಾನಪದ ಕಲೆಗಳ ಪಟ್ಟಿ ಮಾಡಿಸುತ್ತಿದ್ದೆ. ‘ಸಂಗ್ಯಾ-ಬಾಳ್ಯಾ’ ಎಂದು ಹಲಗೆಯ ಮೇಲೆ ಬರೆದ ಕೂಡಲೇ ಹಿಂದಿನ ಬೆಂಚಿನಲ್ಲಿ ನಗೆ. ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: “ಸರ್, ನಮ್ಮಜ್ಜ ಸಣ್ಣಾಟದಾಗ ಹಾಡತಿದ್ದರಿ. ಅದು ಹೊಲಸ ಆಟ ಅಂತಾರ. ಹಂಗಿದ್ರ ಸರಕಾರ ಅಜ್ಜಗ ಮಾಸಾಶನ ಯಾಕ ಕೊಡತೈತ್ರಿ?” ನಾನು ವಿಜ್ಞಾನದ ಪ್ರಶಿಕ್ಷಣಾರ್ಥಿ. ಉತ್ತರ ತೋಚದೆ “ಆಮೇಲೆ ನೋಡೋಣ, ಕೂಡು” ಎಂದೆ. ಆಕೆ ತಲೆ ತಗ್ಗಿಸಿ ಕುಳಿತಳು.

ಆ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಬೆರೆತಿವೆ. ಪ್ರಯೋಗದಲ್ಲಿ ಚರಾಂಶಗಳನ್ನು ಬೇರ್ಪಡಿಸುವಂತೆ ಇವನ್ನೂ ಬೇರ್ಪಡಿಸಬೇಕು.

1. ಅದು ಕಾನೂನಿಗೆ ವಿರುದ್ಧವೇ? ಸಂವಿಧಾನದ 19(1)(ಎ) ವಿಧಿ ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುತ್ತದೆ. 19(2) ಸಭ್ಯತೆ, ನೈತಿಕತೆಗಾಗಿ ಸಮಂಜಸ ಮಿತಿ ಹಾಕಲು ಅವಕಾಶ ನೀಡುತ್ತದೆ. 1964ರ ರಂಜಿತ್ ಉದೇಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಗ್ಲೆಂಡಿನ 1868ರ ಹಿಕ್ಲಿನ್ ಅಳತೆಗೋಲನ್ನು ಆಧಾರವಾಗಿಟ್ಟುಕೊಂಡಿತ್ತು. 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಅದನ್ನು ಕೈಬಿಟ್ಟು, ಇಂದಿನ ಸಮಾಜದ ಮಾನದಂಡದಿಂದ, ಇಡೀ ಸಂದರ್ಭವನ್ನಿಟ್ಟುಕೊಂಡು ನೋಡಬೇಕೆಂದಿತು. ಒಂದು ಮಾತು, ಒಂದು ದೃಶ್ಯ ಕಿತ್ತು ತೆಗೆದು ತೀರ್ಪು ಕೊಡುವಂತಿಲ್ಲ.

2. ಅದು ನಮಗೆ ಹಿಡಿಸುತ್ತದೆಯೇ? ಬೈಲಹೊಂಗಲದ ನೆಲದ ಕಥೆಯಾದ ಸಂಗ್ಯಾ-ಬಾಳ್ಯಾದಲ್ಲಿ ಪರಸ್ತ್ರೀ ಮೋಹವಿದೆ. ಕೊನೆಗೆ ವಂಚನೆ, ಕೊಲೆಯೂ ಇವೆ. ಮೋಹವನ್ನು ತೋರಿಸುವುದು ಬೇರೆ, ಹೊಗಳುವುದು ಬೇರೆ. ಆದರೆ ಜಾತ್ರೆಯ ನಾಟಕಗಳಲ್ಲಿ ಸೀಟಿಗಾಗಿ ಸೇರಿಸುವ ದ್ವಂದ್ವಾರ್ಥದ ಮಾತಿಗೆ, ಮಕ್ಕಳನ್ನು ಕರೆತಂದ ತಾಯಿ ಬೇಸರಪಟ್ಟರೆ ಅದೂ ನ್ಯಾಯವೇ. ಆದರೂ ಬೇಸರವಾದದ್ದೆಲ್ಲ ಅಪರಾಧವಲ್ಲ.

3. ಸರ್ಕಾರದ ಹಣ ಸಲ್ಲಬೇಕೇ? ಅನುದಾನ ಸಿಗದಿರುವುದು ನಿಷೇಧವಲ್ಲ. ಅನುದಾನ ಕೊಡುವಾಗ ಸಭ್ಯತೆಯನ್ನೂ ಪರಿಗಣಿಸಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟು 1998ರ ಫಿನ್ಲೆ ಪ್ರಕರಣದಲ್ಲಿ ಹೇಳಿದೆ. ಅಪಾಯವೂ ಇದೆ: ನಿಯಮ ಮಸುಕಾಗಿದ್ದರೆ ಕಲಾವಿದರು ಹೆದರಿ ತಮ್ಮ ಹಾಡಿಗೆ ತಾವೇ ಕತ್ತರಿ ಹಾಕುತ್ತಾರೆ. ಆದ್ದರಿಂದ ಮಾನದಂಡ ಮೊದಲೇ ಗೊತ್ತಿರಬೇಕು, ಆಯ್ಕೆ ಸಮಿತಿಯಲ್ಲಿ ಕಲೆ ಬಲ್ಲವರಿರಬೇಕು, ನಿರಾಕರಿಸಿದರೆ ಕಾರಣ ಬರೆದು ಕೊಡಬೇಕು. ಮಾಸಾಶನವಂತೂ ಒಂದು ಆಟಕ್ಕೆ ಕೊಟ್ಟ ಬಹುಮಾನವಲ್ಲ. ಕಲೆಗಾಗಿ ದುಡಿದು ವಯಸ್ಸಾದ, ಕಷ್ಟದಲ್ಲಿರುವ ಕಲಾವಿದರಿಗೆ ಸಮಾಜ ಕೊಡುವ ಆಸರೆ.

ತರಗತಿ ಚಟುವಟಿಕೆ: ಅಕ್ಟೋಬರ್‌ನ ಕಿತ್ತೂರು ಉತ್ಸವಕ್ಕೆ ಒಂದು ಸಣ್ಣಾಟದ ಮೇಳ ಅರ್ಜಿ ಹಾಕಿದೆ ಎಂದುಕೊಳ್ಳಿ. ಮಕ್ಕಳನ್ನು ಆಯ್ಕೆ ಸಮಿತಿ, ಮೇಳ, ಪ್ರೇಕ್ಷಕರು ಎಂದು ಮೂರು ಗುಂಪು ಮಾಡಿ. ಹಲಗೆಯ ಮೇಲೆ ‘ಕಾನೂನು’, ‘ಅಭಿರುಚಿ’, ‘ಹಣ’ ಎಂಬ ಮೂರು ಕಾಲಂ ಇರಲಿ. ಪ್ರತಿ ವಾದವೂ ಯಾವ ಕಾಲಂಗೆ ಸೇರುತ್ತದೆಂದು ಅವರೇ ಹೇಳಲಿ.

ಬೋಧನಾಭ್ಯಾಸದ ಕೊನೆಯ ದಿನ ಇದನ್ನೇ ಮಾಡಿಸಿದೆ. “ಅಂದ್ರ ನಮ್ಮಜ್ಜ ತಪ್ಪ ಮಾಡಿಲ್ಲರಿ” ಎಂದಳು ಆಕೆ. ಹಿಂದಿನ ಬೆಂಚಿನಲ್ಲಿ ಈ ಸಲ ಯಾರೂ ನಗಲಿಲ್ಲ. ಪ್ರಶಿಕ್ಷಣಾರ್ಥಿ ಮಿತ್ರರೇ, ಉತ್ತರ ಗೊತ್ತಿಲ್ಲದಿದ್ದರೆ “ನಾಳೆ ಓದಿಕೊಂಡು ಬರ್ತೀನಿ” ಎನ್ನಿ. ಪ್ರಶ್ನೆ ಕೇಳಿದ ಮಗುವನ್ನು ಮಾತ್ರ ಸುಮ್ಮನೆ ಕೂಡಿಸಬೇಡಿ.