ಒಂದು ಪೈಸೆಗೂ ಒಂದೇ ಮತ: ವಿಶ್ವಸಂಸ್ಥೆಯ ಜಮಾ-ಖರ್ಚಿನ ಕಥೆ

ಊರ ಜಾತ್ರೆಗೆ ವಂತಿಗೆ ಎತ್ತುವುದು ಸುಲಭದ ಕೆಲಸವಲ್ಲ. ಯಾವ ಮನೆಗೆ ಎಷ್ಟು ಎಂದು ಗೊತ್ತುಮಾಡಬೇಕು. ಕೊಡದವರ ಬಾಗಿಲಿಗೆ ಮತ್ತೆ ಮತ್ತೆ ಹೋಗಬೇಕು. ಕೊನೆಗೆ ಖರ್ಚಿನ ಲೆಕ್ಕವನ್ನು ಎಲ್ಲರೆದುರು ಒಪ್ಪಿಸಬೇಕು. ಹೆಚ್ಚು ಕೊಟ್ಟವನು ತನ್ನ ಮಾತೇ ನಡೆಯಬೇಕೆನ್ನುತ್ತಾನೆ. ಕಡಿಮೆ ಕೊಟ್ಟವನು ದೇವರು ಎಲ್ಲರಿಗೂ ಒಂದೇ ಅಲ್ಲವೇ ಎನ್ನುತ್ತಾನೆ. ಇದೇ ಜಗಳವನ್ನು 193 ಮನೆಗಳ ಊರಿಗೆ ಹಿಗ್ಗಿಸಿ ನೋಡಿದರೆ, ನ್ಯೂಯಾರ್ಕಿನ ಈಸ್ಟ್ ನದಿಯ ದಂಡೆಯ ಮೇಲಿರುವ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರತಿ ಡಿಸೆಂಬರ್ ತಿಂಗಳಲ್ಲೂ ನಡೆಯುವ ಚೌಕಾಸಿಯ ಚಿತ್ರ ಸಿಗುತ್ತದೆ.

ಭದ್ರತಾ ಮಂಡಳಿಯಲ್ಲಿ ಯಾರು ವೀಟೊ ಚಲಾಯಿಸಿದರು ಎಂಬುದು ಪತ್ರಿಕೆಗಳ ಮುಖಪುಟದಲ್ಲಿ ಬರುತ್ತದೆ. ಐದನೇ ಸಮಿತಿಯಲ್ಲಿ ಯಾವ ಬಾಬಿಗೆ ಎಷ್ಟು ಕತ್ತರಿ ಬಿತ್ತು ಎಂಬುದು ಒಳಪುಟಕ್ಕೂ ಬರುವುದಿಲ್ಲ. ಆದರೆ ಭದ್ರತಾ ಮಂಡಳಿ ಅಂಗೀಕರಿಸಿದ ನಿರ್ಣಯ ಕಾಗದದಲ್ಲೇ ಉಳಿಯುತ್ತದೆಯೋ, ಕಾರ್ಯರೂಪಕ್ಕೆ ಬರುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಎರಡನೆಯದೇ.

ಸಾವಿರ ರೂಪಾಯಿಯ ಲೆಕ್ಕ

ವಿಶ್ವಸಂಸ್ಥೆಯ ಸನ್ನದಿನ 17ನೇ ವಿಧಿ ಎರಡು ಮಾತು ಹೇಳುತ್ತದೆ. ಮುಂಗಡಪತ್ರವನ್ನು ಪರಿಶೀಲಿಸಿ ಒಪ್ಪುವ ಅಧಿಕಾರ ಮಹಾಸಭೆಯದು. ಖರ್ಚನ್ನು ಮಹಾಸಭೆ ಹಂಚಿದ ಪ್ರಕಾರ ಸದಸ್ಯ ರಾಷ್ಟ್ರಗಳು ಹೊರಬೇಕು. ಮಹಾಸಭೆಯಲ್ಲಿ ಪ್ರತಿ ದೇಶಕ್ಕೂ ಒಂದೇ ಮತ. ಹಂಚಿಕೆ ಮಾತ್ರ ಸಮನಲ್ಲ. ಅದು ಅವರವರ ಶಕ್ತ್ಯನುಸಾರ.

ಈ ಶಕ್ತಿಯನ್ನು ಅಳೆಯಲು ಒಂದು ಸೂತ್ರವಿದೆ. ಪ್ರತಿ ಮೂರು ವರ್ಷಕ್ಕೊಮ್ಮೆ ಆಯಾ ದೇಶದ ರಾಷ್ಟ್ರೀಯ ಆದಾಯ ಜಗತ್ತಿನ ಒಟ್ಟು ಆದಾಯದಲ್ಲಿ ಎಷ್ಟು ಪಾಲು ಎಂದು ಲೆಕ್ಕ ಹಾಕುತ್ತಾರೆ. ವಿದೇಶಿ ಸಾಲ ಹೊತ್ತ ದೇಶಕ್ಕೂ ತಲಾ ಆದಾಯ ಕಡಿಮೆ ಇರುವ ದೇಶಕ್ಕೂ ರಿಯಾಯಿತಿ ಉಂಟು. ಆಮೇಲೆ ಮೇಲೊಂದು ಕೆಳಗೊಂದು ಗೆರೆ ಎಳೆಯುತ್ತಾರೆ: ಯಾವ ದೇಶವೂ ಶೇಕಡಾ 22ಕ್ಕಿಂತ ಹೆಚ್ಚು ಕೊಡಬೇಕಿಲ್ಲ, ಯಾವ ದೇಶವೂ ಶೇಕಡಾ 0.001ಕ್ಕಿಂತ ಕಡಿಮೆ ಕೊಡುವಂತಿಲ್ಲ.

2025ರಿಂದ 2027ರವರೆಗಿನ ಪಟ್ಟಿಯನ್ನು ಸಾವಿರ ರೂಪಾಯಿಯ ಖರ್ಚಿಗೆ ಇಳಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಅಮೆರಿಕದ ಪಾಲು 220 ರೂಪಾಯಿ. ಚೀನಾ 200. ಜಪಾನ್ 69, ಜರ್ಮನಿ 57, ಬ್ರಿಟನ್ 40, ಫ್ರಾನ್ಸ್ 39. ಭಾರತದ್ದು 11 ರೂಪಾಯಿ. ಶಾಂತಸಾಗರದ ಪುಟ್ಟ ದ್ವೀಪ ದೇಶ ಟುವಾಲು ಕೊಡಬೇಕಾದದ್ದು ಒಂದೇ ಒಂದು ಪೈಸೆ. ಆದರೂ ಮುಂಗಡಪತ್ರದ ಮೇಲೆ ಮತ ಎಣಿಸುವಾಗ 220 ರೂಪಾಯಿಗೂ ಒಂದು, ಒಂದು ಪೈಸೆಗೂ ಒಂದು. 2000ನೇ ಇಸವಿಯಲ್ಲಿ ಚೀನಾದ ಪಾಲು ಹತ್ತು ರೂಪಾಯಿಯೂ ಇರಲಿಲ್ಲ ಎಂಬುದನ್ನು ನೆನೆದರೆ, ಕಾಲು ಶತಮಾನದಲ್ಲಿ ಜಗತ್ತಿನ ತಕ್ಕಡಿ ಎತ್ತ ವಾಲಿತೆಂಬುದೂ ಈ ಪಟ್ಟಿಯಲ್ಲೇ ಕಾಣುತ್ತದೆ.

ಇಷ್ಟೆಲ್ಲ ಗದ್ದಲಕ್ಕೆ ಕಾರಣವಾದ ಮೊತ್ತ ತೀರಾ ದೊಡ್ಡದೂ ಅಲ್ಲ. 2025ನೇ ವರ್ಷದ ಸಾಮಾನ್ಯ ಮುಂಗಡಪತ್ರ 372 ಕೋಟಿ ಡಾಲರ್. ಕರ್ನಾಟಕ ಸರ್ಕಾರದ 2025-26ರ ಮುಂಗಡಪತ್ರ 4 ಲಕ್ಷ 9 ಸಾವಿರ ಕೋಟಿ ರೂಪಾಯಿಯದು. ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನೋಡಿದರೆ ವಿಶ್ವಸಂಸ್ಥೆಯದು ನಮ್ಮ ಒಂದು ರಾಜ್ಯದ ಬಜೆಟ್ಟಿನ ಹನ್ನೆರಡನೇ ಒಂದು ಭಾಗಕ್ಕಿಂತಲೂ ಕಡಿಮೆ. ಶಾಂತಿಪಾಲನಾ ಪಡೆಗಳ ಲೆಕ್ಕ ಬೇರೆ. ಅದು ಜುಲೈಯಿಂದ ಜೂನ್‌ವರೆಗೆ ನಡೆಯುತ್ತದೆ. 2025-26ಕ್ಕೆ ಸುಮಾರು 540 ಕೋಟಿ ಡಾಲರ್ ಗೊತ್ತಾಯಿತು.

ಬಾಗಿಲು ಮುಚ್ಚಿದ ಕೋಣೆ

ಮುಂಗಡಪತ್ರದ ಕರಡು ತಯಾರಿಸುವುದು ಪ್ರಧಾನ ಕಾರ್ಯದರ್ಶಿ. ಅದು ಮೊದಲು ಹೋಗುವುದು ಸಲಹಾ ಸಮಿತಿಯ ಮುಂದೆ. 1946ರಲ್ಲಿ ಹುಟ್ಟಿದ ಈ ಸಮಿತಿಯಲ್ಲಿ ಈಗ 21 ಸದಸ್ಯರಿದ್ದಾರೆ. ಇವರು ತಮ್ಮ ದೇಶದ ವಕ್ತಾರರಾಗಿ ಅಲ್ಲ, ತಜ್ಞರಾಗಿ ಕೂರಬೇಕೆಂಬುದು ನಿಯಮ. ಈ ಹುದ್ದೆ ಯಾಕೆ, ಆ ಪ್ರಯಾಣ ಯಾಕೆ, ಕಳೆದ ವರ್ಷ ಖಾಲಿ ಉಳಿದ ಜಾಗಕ್ಕೆ ಈ ವರ್ಷ ಸಂಬಳ ಯಾಕೆ ಎಂದು ಸಾಲು ಸಾಲಾಗಿ ಕೇಳುತ್ತಾರೆ. ಇವರ ವರದಿಯೊಂದಿಗೆ ಕಡತ ಐದನೇ ಸಮಿತಿಗೆ ಬರುತ್ತದೆ. ಅಲ್ಲಿ ಎಲ್ಲ 193 ದೇಶಗಳೂ ಇವೆ.

ಸಭಾಂಗಣದಲ್ಲಿ ನಡೆಯುವುದು ಔಪಚಾರಿಕ ಭಾಷಣ ಮಾತ್ರ. ನಿಜವಾದ ವ್ಯವಹಾರ ಬಾಗಿಲು ಮುಚ್ಚಿದ ಕೋಣೆಯ 'ಅನೌಪಚಾರಿಕ' ಮಾತುಕತೆಯಲ್ಲಿ. ಒಂದು ಕಡೆ ಅಭಿವೃದ್ಧಿಶೀಲ ರಾಷ್ಟ್ರಗಳ '77ರ ಗುಂಪು'. ಹೆಸರು 77 ಆದರೂ ಸದಸ್ಯರು 130ಕ್ಕೂ ಹೆಚ್ಚು, ಜೊತೆಗೆ ಚೀನಾ. ಇನ್ನೊಂದು ಕಡೆ ಅಮೆರಿಕ, ಐರೋಪ್ಯ ಒಕ್ಕೂಟ, ಜಪಾನ್. ಅಭಿವೃದ್ಧಿ ಕಾರ್ಯಕ್ರಮಗಳಿಗೆ ಹಣ ಬೇಕೆಂದು ಒಂದು ಪಕ್ಷ, ಮಾನವ ಹಕ್ಕುಗಳ ಕೆಲಸಕ್ಕೆ ಬೇಕೆಂದು ಮತ್ತೊಂದು ಪಕ್ಷ. ಒಟ್ಟು ಮೊತ್ತ ಮಾತ್ರ ಏರಬಾರದೆಂದು ಹಣ ಕೊಡುವವರು. ಕ್ರಿಸ್‌ಮಸ್ ಹತ್ತಿರವಾದಂತೆ ಸಭೆ ರಾತ್ರಿಗೆ ಜಾರುತ್ತದೆ. ಒಂದು ಪದದ ಬದಲು ಇನ್ನೊಂದು ಪದ, ಹತ್ತು ಹುದ್ದೆಯ ಬದಲು ಆರು ಹುದ್ದೆ ಎಂದು ಕೊನೆಗೆ ರಾಜಿಯಾಗುತ್ತದೆ.

ಮತ ಹಾಕಿ ಮುಗಿಸಬಹುದಲ್ಲ, ಇಷ್ಟು ಹೆಣಗಾಟ ಯಾಕೆ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರ ಇತಿಹಾಸದಲ್ಲಿದೆ.

ಮತವಿಲ್ಲದ ಅಧಿವೇಶನ

1956ರಲ್ಲಿ ಸೂಯೆಜ್ ಬಿಕ್ಕಟ್ಟಿನ ವೇಳೆಗೂ 1960ರಲ್ಲಿ ಕಾಂಗೋಗೂ ವಿಶ್ವಸಂಸ್ಥೆ ಪಡೆ ಕಳಿಸಿತು. ಕಾಂಗೋ ಪಡೆಗೆ ದುಡ್ಡು ಕೊಡುವುದಿಲ್ಲವೆಂದು ಸೋವಿಯತ್ ಒಕ್ಕೂಟವೂ ಫ್ರಾನ್ಸೂ ಹಟ ಹಿಡಿದವು. ಇದು 17ನೇ ವಿಧಿಯ ಖರ್ಚೇ ಅಲ್ಲವೆಂಬುದು ಅವರ ವಾದ. ಮಹಾಸಭೆ ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳಿತು. 1962ರ ಜುಲೈ 20ರಂದು ನ್ಯಾಯಾಲಯ 9-5ರ ಬಹುಮತದಿಂದ, ಇದು ಸಂಸ್ಥೆಯ ಖರ್ಚೇ ಹೌದು ಎಂದು ಹೇಳಿತು. ಆದರೂ ಹಣ ಬರಲಿಲ್ಲ.

ಸನ್ನದಿನ 19ನೇ ವಿಧಿಯ ಪ್ರಕಾರ ಎರಡು ವರ್ಷದ ವಂತಿಗೆಯಷ್ಟು ಬಾಕಿ ಉಳಿಸಿಕೊಂಡ ದೇಶಕ್ಕೆ ಮಹಾಸಭೆಯಲ್ಲಿ ಮತವಿಲ್ಲ. 1964ರ ಡಿಸೆಂಬರ್‌ನಲ್ಲಿ ಅಧಿವೇಶನ ಸೇರಿದಾಗ ಸೋವಿಯತ್ ಒಕ್ಕೂಟ ಆ ಗೆರೆ ದಾಟಿತ್ತು. ಮತ ಕಿತ್ತುಕೊಂಡರೆ ಅದು ಸಂಸ್ಥೆಯನ್ನೇ ಬಿಟ್ಟುಹೋಗುವ ಭಯ. ಸುಮ್ಮನಿದ್ದರೆ ಸನ್ನದಿಗೆ ಬೆಲೆಯಿಲ್ಲ. ಕೊನೆಗೆ ಕಂಡುಕೊಂಡ ಉಪಾಯ ವಿಚಿತ್ರ: ಯಾವ ವಿಷಯವನ್ನೂ ಮತಕ್ಕೆ ಹಾಕದಿರುವುದು! ಕಾರ್ಯವಿಧಾನದ ಒಂದು ಪ್ರಶ್ನೆಯ ಹೊರತು ಆ ಇಡೀ ಅಧಿವೇಶನ ಮತದಾನವಿಲ್ಲದೆಯೇ ಸಾಗಿತು. 1965ರ ಆಗಸ್ಟ್‌ನಲ್ಲಿ ಅಮೆರಿಕ ಪಟ್ಟು ಸಡಿಲಿಸಿತು. ಬೇರೆಯವರು ಕೊಡದಿರಬಹುದಾದರೆ ತಾನೂ ಹಾಗೆ ಮಾಡಬಹುದು ಎಂಬ ಎಚ್ಚರಿಕೆಯನ್ನೂ ಜೊತೆಗೇ ಕೊಟ್ಟಿತು.

ಸಣ್ಣ ದೇಶಗಳ ವಿಷಯದಲ್ಲಿ ಮಾತ್ರ ಈ ವಿಧಿ ಕಟ್ಟುನಿಟ್ಟಾಗಿ ಜಾರಿಯಾಗುತ್ತದೆ. 2022ರ ಜನವರಿಯಲ್ಲಿ ಇರಾನ್ ಹೀಗೆ ಮತ ಕಳೆದುಕೊಂಡಿತು. ಅಮೆರಿಕದ ದಿಗ್ಬಂಧನದಿಂದ ದಕ್ಷಿಣ ಕೊರಿಯಾದ ಬ್ಯಾಂಕುಗಳಲ್ಲಿ ಸಿಕ್ಕಿಕೊಂಡಿದ್ದ ಇರಾನಿನದೇ ಹಣದಲ್ಲಿ ಸುಮಾರು 1.8 ಕೋಟಿ ಡಾಲರನ್ನು ಕೊರಿಯಾ ಸರ್ಕಾರವೇ ಕಟ್ಟಿದ ಮೇಲೆ ಮತದ ಹಕ್ಕು ಮರಳಿತು.

ಥೈಲಿಯ ಹಗ್ಗ ಹಿಡಿದವರು

1965ರ ಎಚ್ಚರಿಕೆ ಇಪ್ಪತ್ತು ವರ್ಷಗಳ ಮೇಲೆ ನಿಜವಾಯಿತು. 1985ರಲ್ಲಿ ಸೆನೆಟರ್ ನ್ಯಾನ್ಸಿ ಕ್ಯಾಸೆಬಾಮ್ ತಂದ ತಿದ್ದುಪಡಿಯೊಂದನ್ನು ಅಮೆರಿಕದ ಸಂಸತ್ತು ಅಂಗೀಕರಿಸಿತು. ಹಣದ ವಿಷಯಗಳಲ್ಲಿ ಕೊಡುಗೆಗೆ ತಕ್ಕಂತೆ ಮತದ ತೂಕ ಇರಬೇಕು, ಇಲ್ಲವಾದರೆ ಅಮೆರಿಕ ಶೇಕಡಾ 25ರ ಬದಲು 20 ಮಾತ್ರ ಕೊಡುತ್ತದೆ ಎಂಬುದು ಅದರ ಸಾರ. ಮತದ ತೂಕ ಬದಲಿಸಲು ಸನ್ನದನ್ನೇ ತಿದ್ದಬೇಕು. ಅದು ಆಗದ ಮಾತು. 1986ರ ಡಿಸೆಂಬರ್‌ನಲ್ಲಿ ಮಹಾಸಭೆ ನಡುದಾರಿ ಹಿಡಿಯಿತು. ಒಂದು ದೇಶ ಒಂದು ಮತ ಎಂಬುದು ಹಾಗೇ ಉಳಿಯಲಿ. ಆದರೆ ಮುಂಗಡಪತ್ರದ ವಿಷಯದಲ್ಲಿ ಸರ್ವಸಮ್ಮತಿಗೆ ಸರ್ವಪ್ರಯತ್ನ ಮಾಡೋಣ ಎಂದಿತು. ಡಿಸೆಂಬರಿನ ರಾತ್ರಿಗಳ ಹೆಣಗಾಟಕ್ಕೆ ಮೂಲ ಈ ನಿರ್ಣಯವೇ.

ಅದರಿಂದಲೂ ಬಾಕಿ ತೀರಲಿಲ್ಲ. 1999ರಲ್ಲಿ ಸೆನೆಟರುಗಳಾದ ಜೆಸ್ಸಿ ಹೆಲ್ಮ್ಸ್ ಮತ್ತು ಜೋ ಬೈಡನ್ ಹೆಸರಿನ ಕಾನೂನು, 92.6 ಕೋಟಿ ಡಾಲರ್ ಬಾಕಿಯನ್ನು ಕಂತಿನಲ್ಲಿ ಕೊಡಲು ಷರತ್ತುಗಳ ಸರಮಾಲೆಯನ್ನೇ ಒಡ್ಡಿತು. 2000ದ ಡಿಸೆಂಬರ್‌ನಲ್ಲಿ ಅಮೆರಿಕದ ಪಾಲು 25ರಿಂದ 22ಕ್ಕೆ ಇಳಿಯಿತು. ಉಳಿದ ದೇಶಗಳು ತಮ್ಮ ಬಜೆಟ್ಟನ್ನು ಆಗಲೇ ಮುಗಿಸಿಕೊಂಡಿದ್ದರಿಂದ ಮೊದಲ ವರ್ಷದ ಕೊರತೆ ತುಂಬಲು ಟೆಡ್ ಟರ್ನರ್ ಎಂಬ ಟಿ.ವಿ. ಉದ್ಯಮಿ 3.4 ಕೋಟಿ ಡಾಲರ್ ಕೊಟ್ಟರು. ದೇಶದೇಶಗಳ ಜಗಳ ಒಬ್ಬ ಖಾಸಗಿ ವ್ಯಕ್ತಿಯ ಜೇಬಿನಿಂದ ಬಗೆಹರಿಯಿತು!

ಸರ್ವಸಮ್ಮತಿ ಮುರಿದ ಸಂದರ್ಭಗಳೂ ಇವೆ. 2005ರ ಡಿಸೆಂಬರ್‌ನಲ್ಲಿ, ಆಡಳಿತ ಸುಧಾರಣೆ ಆಗುವ ತನಕ ಮೊದಲ ಆರು ತಿಂಗಳಿಗೆ 95 ಕೋಟಿ ಡಾಲರ್ ಮಾತ್ರ ಖರ್ಚು ಮಾಡಬೇಕೆಂದು ಹಣ ಕೊಡುವ ದೇಶಗಳು ಕಡಿವಾಣ ಹಾಕಿಸಿದವು. ಮರುವರ್ಷ ಮೇ ತಿಂಗಳಲ್ಲಿ ಕೋಫಿ ಅನ್ನಾನರ ಸುಧಾರಣಾ ಪ್ರಸ್ತಾಪಗಳ ಬಗ್ಗೆ ಮತದಾನವಾಯಿತು. ಪ್ರಧಾನ ಕಾರ್ಯದರ್ಶಿಗೆ ಹೆಚ್ಚು ಅಧಿಕಾರ ಕೊಟ್ಟರೆ ಮಹಾಸಭೆಯ ಹಿಡಿತ ತಪ್ಪುತ್ತದೆ ಎಂದ 77ರ ಗುಂಪು 121-50ರಿಂದ ಗೆದ್ದಿತು. ಸೋತ ಐವತ್ತು ದೇಶಗಳೇ ಮುಂಗಡಪತ್ರದ ಶೇಕಡಾ 80ಕ್ಕೂ ಹೆಚ್ಚು ಹಣ ಕೊಡುತ್ತಿದ್ದವು. ಮತ ಒಂದು ಕಡೆ, ಹಣ ಒಂದು ಕಡೆ. ಎರಡೂ ಬೇರೆಯಾದರೆ ಗಾಡಿ ಮುಂದೆ ಸಾಗದೆಂಬುದು ಇಬ್ಬರಿಗೂ ತಿಳಿಯಿತು.

ಕಾವಲುಗಾರನ ಸಂಬಳ

ಕೊಟ್ಟ ಹಣ ಸರಿಯಾಗಿ ಖರ್ಚಾಯಿತೇ ಎಂದು ನೋಡುವವರು ಯಾರು? ಹೊರಗಿನ ತಪಾಸಣೆಗೆ 1946ರಿಂದಲೂ ಮೂವರು ಸದಸ್ಯರ ಲೆಕ್ಕ ಪರಿಶೋಧಕ ಮಂಡಳಿ ಇದೆ. ಮೂರು ದೇಶಗಳ ಮಹಾಲೇಖಪಾಲರು ಇದರ ಸದಸ್ಯರು. 1993ರಿಂದ 1999ರವರೆಗೂ, ಮತ್ತೆ 2014ರಿಂದ 2020ರವರೆಗೂ ಭಾರತದ ಮಹಾಲೇಖಪಾಲರಿಗೆ ಈ ಸ್ಥಾನ ಸಿಕ್ಕಿತ್ತು. 1993ರಲ್ಲಿ ಭಾರತ ಮಂಡಳಿ ಸೇರಿದಾಗ ಆ ಹುದ್ದೆಯಲ್ಲಿದ್ದವರು ಕೊಡಗಿನ ಸಿ.ಜಿ. ಸೋಮಯ್ಯ.

ಒಳಗಿನ ಕಾವಲು ಮಾತ್ರ ಬಹುಕಾಲ ದುರ್ಬಲವಾಗಿತ್ತು. 1994ರ ಏಪ್ರಿಲ್‌ನಲ್ಲಿ ಸೊಮಾಲಿಯಾದ ಮೊಗದಿಶುವಿನಲ್ಲಿ ವಿಶ್ವಸಂಸ್ಥೆಯ ಕಚೇರಿ ಆವರಣದಿಂದಲೇ 39 ಲಕ್ಷ ಡಾಲರ್ ನಗದು ಕಳುವಾಯಿತು. ಅದೇ ವರ್ಷ ಜುಲೈಯಲ್ಲಿ ಮಹಾಸಭೆ ಆಂತರಿಕ ಮೇಲ್ವಿಚಾರಣಾ ಕಚೇರಿಯನ್ನು ಸ್ಥಾಪಿಸಿತು. ಜರ್ಮನಿಯ ರಾಜತಂತ್ರಜ್ಞ ಕಾರ್ಲ್ ಪಾಶ್ಕೆ ಇದರ ಮೊದಲ ಮುಖ್ಯಸ್ಥರು. ಮುಖ್ಯಸ್ಥರಿಗೆ ಐದೇ ವರ್ಷದ ಅವಧಿ, ಮರುನೇಮಕವಿಲ್ಲ. ಮುಂದಿನ ಅವಧಿಯ ಆಸೆಗೆ ಯಾರ ಮರ್ಜಿಯನ್ನೂ ಕಾಯಬಾರದೆಂಬುದು ಇದರ ಉದ್ದೇಶ.

ಆದರೆ ಆ ಕಚೇರಿಯ ಸ್ವಂತ ಖರ್ಚಿನ ಹಣ? ಇಲ್ಲೇ ಎಡವಟ್ಟಾದದ್ದು. ಇರಾಕಿನ 'ಆಹಾರಕ್ಕಾಗಿ ತೈಲ' ಯೋಜನೆಯನ್ನು 1996ರಿಂದ 2003ರವರೆಗೆ ವಿಶ್ವಸಂಸ್ಥೆಯೇ ನಡೆಸಿತು. ಪಾಲ್ ವೋಲ್ಕರ್ ಸಮಿತಿ 2005ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿಯ ಪ್ರಕಾರ, 2,200ಕ್ಕೂ ಹೆಚ್ಚು ಕಂಪನಿಗಳ ವ್ಯವಹಾರದಲ್ಲಿ ಸದ್ದಾಂ ಸರ್ಕಾರಕ್ಕೆ ಸುಮಾರು 180 ಕೋಟಿ ಡಾಲರ್ ಅಕ್ರಮವಾಗಿ ಸಂದಿತ್ತು. ಆ ವರದಿಯ ಬಿಸಿ ದೆಹಲಿಗೂ ತಟ್ಟಿ ಆಗಿನ ವಿದೇಶಾಂಗ ಸಚಿವರು ಖಾತೆ ಕಳೆದುಕೊಂಡರು. ಇಷ್ಟು ದೊಡ್ಡ ಯೋಜನೆಗೆ ಒಳತಪಾಸಣೆ ಯಾಕೆ ಸಾಲದಾಯಿತು ಎಂದು ನೋಡಿದಾಗ ಹೊರಬಿದ್ದದ್ದು ಸರಳ ಸಂಗತಿ: ತಪಾಸಣೆಗೆ ಬೇಕಾದ ಹಣವನ್ನು ತಪಾಸಣೆಗೆ ಒಳಗಾಗುವ ಕಚೇರಿಯಿಂದಲೇ ಕೇಳಿ ಪಡೆಯಬೇಕಿತ್ತು. ಯಾರ ಹೊಲ ಕಾಯಬೇಕೋ ಅವನದೇ ಕೈಯಿಂದ ಕಾವಲುಗಾರನಿಗೆ ಸಂಬಳ ಎಂದಂತಾಯಿತು. ಮುಂದೆ ಸ್ವತಂತ್ರ ಸಲಹಾ ಸಮಿತಿಯೊಂದು ಬಂತು. ಕೇಳಿದ ಸದಸ್ಯ ದೇಶಗಳಿಗೆ ತಪಾಸಣಾ ವರದಿಗಳನ್ನು ತೋರಿಸುವ ನಿಯಮವೂ ಬಂತು. ಆದರೂ 2010ರಲ್ಲಿ ಅಧಿಕಾರ ಬಿಟ್ಟ ಮುಖ್ಯಸ್ಥೆ, ಸ್ವೀಡನ್ನಿನ ಇಂಗಾ-ಬ್ರಿಟ್ ಅಲೇನಿಯಸ್, ತಮ್ಮ ಕಚೇರಿಯ ಸ್ವಾತಂತ್ರ್ಯಕ್ಕೆ ಆಗಿನ ಪ್ರಧಾನ ಕಾರ್ಯದರ್ಶಿ ಬಾನ್ ಕಿ-ಮೂನ್ ಧಕ್ಕೆ ತಂದರೆಂದು ದೀರ್ಘ ಪತ್ರವನ್ನೇ ಬರೆದು ಹೋದರು.

ಬಾರದ ಹಣ ಹಿಂತಿರುಗಿಸುವ ನಿಯಮ

ಈಗಿನ ಕಷ್ಟ ಕಳ್ಳತನದ್ದಲ್ಲ, ಖಾಲಿ ಪೆಟ್ಟಿಗೆಯದು. ನಿಯಮದ ಪ್ರಕಾರ ಬಿಲ್ಲು ಕೈಸೇರಿದ 30 ದಿನಗಳೊಳಗೆ ವಂತಿಗೆ ಕಟ್ಟಬೇಕು. ಹೀಗೆ ಗಡುವಿನೊಳಗೆ ಕಟ್ಟಿದವರ ಪಟ್ಟಿಯಲ್ಲಿ ಭಾರತದ ಹೆಸರು ಹಲವು ವರ್ಷ ಬಂದಿದೆ. ದೊಡ್ಡವರೇ ತಡಮಾಡುತ್ತಾರೆ. ಹಣ ಬಾರದಿದ್ದರೆ ಹುದ್ದೆ ತುಂಬುವುದಿಲ್ಲ, ಕೆಲಸ ನಿಲ್ಲುತ್ತದೆ. ವರ್ಷದ ಕೊನೆಗೆ ಲೆಕ್ಕದಲ್ಲಿ 'ಉಳಿತಾಯ' ಕಾಣುತ್ತದೆ. ಉಳಿದದ್ದನ್ನು ಸದಸ್ಯರ ಖಾತೆಗೆ ಜಮೆ ಮಾಡಬೇಕೆಂಬುದು ಇನ್ನೊಂದು ನಿಯಮ. ಅಂದರೆ ಕೈಗೆ ಬಾರದ ಹಣವನ್ನೇ ಹಿಂತಿರುಗಿಸಿದಂತಾಗಿ ಮುಂದಿನ ವರ್ಷದ ಪೆಟ್ಟಿಗೆ ಇನ್ನಷ್ಟು ಬರಿದಾಗುತ್ತದೆ. 2025ರ ಡಿಸೆಂಬರ್ ಕೊನೆಯಲ್ಲಿ ಒಪ್ಪಿಗೆಯಾದ 2026ರ ಮುಂಗಡಪತ್ರ ಸುಮಾರು 345 ಕೋಟಿ ಡಾಲರಿಗೆ ಇಳಿಯಿತು. ಎರಡೂವರೆ ಸಾವಿರಕ್ಕೂ ಹೆಚ್ಚು ಹುದ್ದೆಗಳು ಹೋದವು.

ಇದರ ಪೆಟ್ಟು ಕಡೆಗೆ ಬೀಳುವುದು ಬಡವರ ಮೇಲೆಯೇ. ಶಾಂತಿಪಾಲನೆಗೆ ಸೈನಿಕರನ್ನು ಕಳಿಸುವ ದೇಶಗಳಿಗೆ ಪ್ರತಿ ಯೋಧನಿಗೆ ತಿಂಗಳಿಗೆ 1,400 ಡಾಲರಿಗೂ ಸ್ವಲ್ಪ ಹೆಚ್ಚು ಹಣ ಸಲ್ಲಬೇಕು. ನೇಪಾಳ, ಬಾಂಗ್ಲಾದೇಶ, ರುವಾಂಡಾ, ಭಾರತ ಇವರಲ್ಲಿ ಮುಖ್ಯರು. ಶ್ರೀಮಂತ ದೇಶ ವಂತಿಗೆ ತಡಮಾಡಿದಾಗ ಈ ಹಣವೂ ತಡವಾಗುತ್ತದೆ. ಆಳನ್ನೂ ಕಳಿಸಿ, ಕೂಲಿಗೂ ಕಾದು, ಬಡದೇಶಗಳು ವಿಶ್ವಸಂಸ್ಥೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಒಂದು ಪೈಸೆ ಕೊಡುವವನಿಗೂ ಒಂದು ಮತ ಎಂಬುದು ವಿಶ್ವಸಂಸ್ಥೆಯ ದೌರ್ಬಲ್ಯವೆಂದು ದೊಡ್ಡವರು ಹೇಳುವುದುಂಟು. ಆದರೆ 1964ರಿಂದ ಇಲ್ಲಿಯವರೆಗಿನ ಕಥೆ ನೋಡಿದರೆ ಸಂಸ್ಥೆಯ ಉಸಿರು ಕಟ್ಟಿಸಿದ್ದು ಒಂದು ಪೈಸೆಯವರ ಮತವಲ್ಲ, ನೂರಿನ್ನೂರು ರೂಪಾಯಿಯವರ ಬಾಕಿ. ಹೊತ್ತಿಗೆ ಸರಿಯಾಗಿ ಕೊಟ್ಟು ಆಮೇಲೆ ಪೈಸೆ ಪೈಸೆಗೂ ಲೆಕ್ಕ ಕೇಳುವವನ ಮಾತಿಗೆ ಯಾವ ಸಭೆಯಲ್ಲೂ ತೂಕವಿರುತ್ತದೆ.